ಅಳಿಯನ ಹೆಸರಿನ ಲಗ್ನಪತ್ರಿಕೆ

ನ್ಯೂ ಟೌನ್, ಭದ್ರಾವತಿ
೧೪-೧-೨೦೨೫

ಪ್ರೀತಿಯ ಮಗಳು ಪ್ರಿಯದರ್ಶಿನಿಗೆ,

ಅಪ್ಪನ ಆಶೀರ್ವಾದಗಳು. ನಾನು ಕ್ಷೇಮ, ಮೊಣಕಾಲು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ನಿನ್ನ ಕಾಗದ ಬಂದು ಮೂರು ವಾರವಾಯಿತು, ತಡವಾಯಿತೆಂದು ಬೈಯಬೇಡ. ಶಿವಮೊಗ್ಗಕ್ಕೆ ಬಸ್ಸು ಹತ್ತಿ ನಿನ್ನ ಕಾನ್ವೆಂಟಿಗೇ ಬಂದು ಹೇಳಬಹುದಿತ್ತು. ಆದರೆ ನಿನ್ನ ಎದುರು ನನಗೆ ನಾಲಿಗೆ ಏಳುವುದಿಲ್ಲ ಮಗಳೇ.

ಬದುಕಿಡೀ ಕನ್ಯಾಸ್ತ್ರೀಯಾಗಿರುತ್ತೇನೆಂದು ಮಾತುಕೊಡುವ ನಿತ್ಯವ್ರತದ ದಿನ ನಿನ್ನ ಕೈಹಿಡಿದು ಚರ್ಚಿನ ಪೀಠದವರೆಗೆ ನಡೆಸಿಕೊಂಡು ಹೋಗಬೇಕೆಂದು ಕೇಳಿದ್ದೀಯ. ಆರು ವರ್ಷದ ಹಿಂದೆ ನಿನ್ನ ಮೊದಲ ವ್ರತಕ್ಕೆ ಬಾರದೆ ಮನೆಯಲ್ಲಿ ಮುಖ ಊದಿಸಿಕೊಂಡು ಕೂತವನನ್ನು ಕೇಳಿದ್ದೀಯ! ಓದಿ ಅತ್ತುಬಿಟ್ಟೆ.

ಆ ಸಂತೋಷದಲ್ಲಿ ಒಂದು ಎಡವಟ್ಟೂ ಮಾಡಿದೆ. ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದ ಉಜ್ಜನಪ್ಪ ಈಗ ಜನ್ನಾಪುರದಲ್ಲಿ ಪ್ರೆಸ್ ಇಟ್ಟಿದ್ದಾನೆ. ಅವನ ಹತ್ತಿರ ಲಗ್ನಪತ್ರಿಕೆಯನ್ನೇ ಅಚ್ಚು ಹಾಕಿಸಿದೆ. ಮಗಳು ಕ್ರಿಸ್ತನ ಕೈಹಿಡಿಯುತ್ತಾಳೆ ಅಂದಮೇಲೆ ಮದುವೆಯೇ ತಾನೇ?

"ವರನ ಹೆಸರಿಗೆ ಶ್ರೀ ಹಾಕ್ಲೋ, ಚಿ. ಹಾಕ್ಲೋ?" ಎಂದ.

"ಚಿರಂಜೀವಿ ಅಂತ ಪೂರ್ತಿ ಹಾಕು ಮಾರಾಯ" ಅಂದೆ.

ನಮ್ಮ ಫಾದರ್ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕೂರಿಸಿಕೊಂಡು, "ಇನ್ನಾಸಪ್ಪ, ಮದುಮಗಳು ನಿನ್ನ ಮಗಳೊಬ್ಬಳೇ ಅಲ್ಲ. ಕ್ರಿಸ್ತನನ್ನ ನಂಬಿದ ಇಡೀ ಧರ್ಮಸಭೇನೇ ಆತನ ಮದುಮಗಳು. ಅದರಲ್ಲಿ ನೀನೂ ಇದ್ದೀಯ" ಅಂದರು.

"ಈ ಬಿಳಿಮೀಸೆ ಇಟ್ಕೊಂಡು ನಾನು ಮದುಮಗಳಾ ಫಾದರ್?"

"ಹೂಂ. ಸೀರೆ ತುಂಬ ಕಲೆ ಇರೋ ಮದುಮಗಳು. ಆತ ಆ ಕಲೆ ನೋಡಿಯೇ ಕೈಹಿಡಿದಿದ್ದು."

ಆ ಮಾತು ಹೊತ್ತುಕೊಂಡು ಮನೆಗೆ ಬಂದರೆ ನಿನ್ನಮ್ಮನದೇ ನೆನಪು. ಅವಳು ಹೋಗಿ ಎರಡು ವರ್ಷವಾದರೂ ಶನಿವಾರ ಬಂದರೆ ಗಂಜಿಯ ವಾಸನೆ ಮೂಗಿಗೆ ಬಂದಂತಾಗುತ್ತದೆ. ಪೀಠದ ಬಟ್ಟೆ ಒಗೆದು, ಗಂಜಿ ಹಾಕಿ ಹಿತ್ತಿಲಲ್ಲಿ ಹರವುತ್ತಿದ್ದಳು. ನೀನು ಅದನ್ನೇ ಎಳೆದು ತಲೆಗೆ ಮುಸುಕು ಹಾಕಿಕೊಂಡು ಮದುಮಗಳ ಹಾಗೆ ನಡೆಯುತ್ತಿದ್ದೆ. "ಬಿಡೇ, ಅದು ಯೇಸುಸ್ವಾಮೀದು!" ಎಂದು ಅವಳು ಅಟ್ಟಿಸಿಕೊಂಡು ಬರುತ್ತಿದ್ದಳು. ನಾನು ಶಿಫ್ಟ್ ಮುಗಿಸಿ ಬಂದವನು ಸೈಕಲ್ ಹಿಡಿದುಕೊಂಡೇ ನಗುತ್ತಿದ್ದೆ. ಎಂಥ ದಿನಗಳು ಅವು! ಈಗ ಹಿತ್ತಿಲ ತಂತಿಯ ಮೇಲೆ ನನ್ನ ಎರಡು ಪಂಚೆ ಮಾತ್ರ ಒಣಗುತ್ತವೆ.

ನಿಮ್ಮ ಮದರ್‌ಗೆ ನನ್ನ ನಮಸ್ಕಾರ ತಿಳಿಸು. ಉಪವಾಸ ಅಂತ ಹೊಟ್ಟೆ ಒಣಗಿಸಬೇಡ. ದೇವಮಾತೆಯ ಸೆರಗು ಸದಾ ನಿನ್ನ ಮೇಲಿರಲಿ.

ನಿನ್ನ ಅಪ್ಪ,
ಇನ್ನಾಸಪ್ಪ

ತಾ.ಕ.: ಇದನ್ನು ಬರೆಯಲಿಕ್ಕೆಂದೇ ಕೂತವನು ಬರೆಯದೆ ಸಹಿ ಹಾಕಿದೆ. ನಿನ್ನಮ್ಮ ದಿಢೀರನೆ ಹೋದಳು ಎಂದು ನಿನಗೆ ಹೇಳಿದ್ದು ಸುಳ್ಳು. ಆಸ್ಪತ್ರೆಯಲ್ಲಿ ಮೂರು ದಿನ ನಿನ್ನನ್ನೇ ಕೇಳಿದಳು. "ಫೋನ್ ಮಾಡಿದ್ರಾ? ಬರ್ತಾಳಂತಾ?" ಎಂದು. "ಮಾಡಿದೆ, ಕಾನ್ವೆಂಟಿನವರು ಕಳಿಸೋದಿಲ್ವಂತೆ" ಅಂದೆ. ನಾನು ಫೋನ್ ಮಾಡಿರಲೇ ಇಲ್ಲ. ನೀನು ನಮ್ಮನ್ನು ಬಿಟ್ಟು ಹೋದೆಯೆಂಬ ಹಾಳು ಸಿಟ್ಟು ನನಗೆ. "ಹೋಗ್ಲಿ ಬಿಡಿ, ಕೊಟ್ಟ ಹೆಣ್ಣು" ಅಂದಳು. ಅದೇ ಅವಳ ಕೊನೆಯ ಮಾತು.

ಆ ಫೋನ್ ಎತ್ತದ ಕೈ ಇದು. ಹಿಡಿಯುತ್ತೀಯಾ ಮಗಳೇ? ಬೇಡವೆಂದರೂ ಬರುತ್ತೇನೆ, ಕೊನೆಯ ಬೆಂಚಿನಲ್ಲಿ ಕೂರುತ್ತೇನೆ.