ಪ್ಯಾರಿಸ್ ಚೀಟಿಯ ಗಡಿಯಾರ

ಮಾರ್ಚ್ 26, ಗುರುವಾರ

ಅಕ್ಕನ ಗಂಟಲಿನ ಆಪರೇಷನ್ ಸೋಮವಾರ, ಪ್ಯಾರಿಸ್ ಸಮಯ ಬೆಳಿಗ್ಗೆ ಎಂಟೂವರೆಗೆ. ಭಾವ ಫೋನ್ ಮಾಡಿ ತಿಳಿಸಿದರು. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯುತ್ತಾರೆ. ಆಮೇಲೆ ದನಿ ಇರುವುದಿಲ್ಲ. ಅದಕ್ಕೆ ಮುಂಚೆ ಅಪ್ಪನ ಹತ್ತಿರ ಒಂದು ಸಲ ಮಾತಾಡಬೇಕಂತೆ. ಅವಳ ಮದುವೆಯಾದಾಗಿನಿಂದ, ಹನ್ನೊಂದು ವರ್ಷ, ಇಬ್ಬರಿಗೂ ಮಾತಿಲ್ಲ.

ಅಪ್ಪನಿಗೆ ಹೇಳಿದೆ. ಕನ್ನಡಕ ತೆಗೆದಿಟ್ಟರು. "ಎಷ್ಟು ಗಂಟೆಗೆ?"

ಅಲ್ಲಿಯ ಎಂಟು. ಇಲ್ಲಿಯ ಹನ್ನೆರಡೂವರೆ.

ಮಾರ್ಚ್ 27

ಅಪ್ಪ ಸ್ಟೂಲ್ ಹತ್ತಿ ಇನ್ನೊಂದು ಗಡಿಯಾರ ತೂಗುಹಾಕಿದರು. ನಾಲ್ಕೂವರೆ ಗಂಟೆ ಹಿಂದಕ್ಕೆ. ಕೆಳಗೆ ಚೀಟಿ — ಪ್ಯಾರಿಸ್. ಮೊಬೈಲಿನಲ್ಲೇ ನೋಡಬಹುದು ಎಂದೆ.

"ಅದು ಚಾರ್ಜ್ ಇಲ್ದೆ ದಿನಕ್ಕೆರಡು ಸಲ ಸಾಯುತ್ತೆ. ಅದನ್ನ ನಂಬ್ಕೊಂಡು ಕೂತ್ಕೋ ನೀನು."

ಅಪ್ಪ ಮೂವತ್ತೊಂದು ವರ್ಷ ಗಿರಣಿಯಲ್ಲಿ ಟೈಮ್‌ಕೀಪರ್ ಆಗಿದ್ದವರು.

ಮಾರ್ಚ್ 28, ಶನಿವಾರ

ಆಫೀಸಿನಲ್ಲಿ ಭಾನುವಾರದ ಪತ್ರಿಕೆಯ ಕೆಲಸ. ಎಂಟನೆಯ ಪುಟದ ಪ್ರೂಫ್ ತಿದ್ದುವುದು ನನ್ನ ಪಾಲಿಗೆ. ಬೇಗ ಮುಗಿಸಿದೆ. ಅಪ್ಪನ ಬಿಳಿ ಶರ್ಟ್ ಇಸ್ತ್ರಿಗೆ ಕೊಡಬೇಕಿತ್ತು — ಫೋನಿನಲ್ಲಿ ಮಾತಾಡಲು ಶರ್ಟ್ ಯಾಕೋ...

ಮಾರ್ಚ್ 30, ಸೋಮವಾರ, ಸಂಜೆ

ತಪ್ಪಿಹೋಯಿತು.

ಅರ್ಧ ದಿನ ರಜೆ ಹಾಕಿ, ಹನ್ನೆರಡೂವರೆಗೆ ಹತ್ತು ನಿಮಿಷ ಇರುವಾಗ ಮನೆ ತಲುಪಿದೆ. ಅಪ್ಪ ಶರ್ಟ್ ತೊಟ್ಟು ಕೂತಿದ್ದರು. ಸರಿಯಾಗಿ ಹನ್ನೆರಡೂವರೆಗೆ ಫೋನ್ ಮಾಡಿದರು. ಎತ್ತಿದ್ದು ಭಾವ. ಅಲ್ಲಿ ಆಗಲೇ ಒಂಬತ್ತು. ಅಕ್ಕನನ್ನು ಒಳಗೆ ಕರೆದೊಯ್ದು ಅರ್ಧ ಗಂಟೆ. ಬೇಸಿಗೆ ಸಮಯವೆಂದು ನಿನ್ನೆ ಅಲ್ಲಿ ಗಡಿಯಾರಗಳನ್ನು ಒಂದು ಗಂಟೆ ಮುಂದೆ ಮಾಡಿದ್ದಾರೆ.

"ಅವಳೇ ನಾಲ್ಕು ಸಲ ಮಾಡಿದಳಲ್ಲ ಮಾವನಿಗೆ" ಎಂದರು.

ಅಪ್ಪನ ಫೋನ್ ನೋಡಿದೆ. ಹನ್ನೊಂದೂವರೆಯಿಂದ ಹನ್ನೊಂದು ಐವತ್ತರೊಳಗೆ ನಾಲ್ಕು ಕರೆ. ಯಾಕೆ ಎತ್ತಲಿಲ್ಲ ಎಂದು ಕೇಳಿದೆ.

"ಹನ್ನೆರಡೂವರೆ ಅಂದಿದ್ದೆಯಲ್ಲ. ಹೊತ್ತಿಗೆ ಮುಂಚೆ ಗಿರಣಿ ಗೇಟ್ ತೆಗೆದವನಲ್ಲ ನಾನು."

ಕಣ್ಣು ಚೀಟಿಯ ಗಡಿಯಾರದ ಮೇಲೆ. ಅದರಲ್ಲಿ ಎಂಟು ಗಂಟೆ ಐದು ನಿಮಿಷ.

ಮಾರ್ಚ್ 31

ಭಾನುವಾರದ ಎಂಟನೆಯ ಪುಟ ಹುಡುಕಿ ತೆಗೆದೆ. ಮೂಲೆಯಲ್ಲಿ ನಾಲ್ಕು ಸಾಲು: ಯುರೋಪಿನಲ್ಲಿ ಇಂದು ಗಡಿಯಾರ ಒಂದು ಗಂಟೆ ಮುಂದಕ್ಕೆ. ಪ್ರೂಫಿನಲ್ಲಿ 'ಗಡಿಯರ' ಎಂದಿತ್ತು. ದೀರ್ಘ ಹಾಕಿದ್ದು ನಾನೇ. ಕಾಗುಣಿತ ತಿದ್ದಿದೆ, ಸುದ್ದಿ ಓದಲಿಲ್ಲ.

ಅಪ್ಪನಿಗೆ ಹೇಳಿಲ್ಲ. ತಪ್ಪು ತಮ್ಮೊಬ್ಬರದೇ ಎಂದು ನಿನ್ನೆಯಿಂದ ಊಟ ಬಿಟ್ಟಿದ್ದಾರೆ. ಹೇಳುವುದೂ ಇಲ್ಲ.

ಏಪ್ರಿಲ್ 4, ಶನಿವಾರ

ಆಪರೇಷನ್ ಗಾಯ ಮಾಯುತ್ತಿದೆ ಎಂದು ಭಾವ ತಿಳಿಸಿದರು. ಚೀಟಿಯ ಗಡಿಯಾರ ಇನ್ನೂ ಒಂದು ಗಂಟೆ ಹಿಂದೆ. ಸರಿಮಾಡಲೇ ಎಂದೆ.

"ಗಿರಣೀಲಿ ಮುಳ್ಳು ತಿರುಗಿಸಿದವನನ್ನ ಕೆಲಸದಿಂದ ತೆಗೆಸಿದೀನಿ ನಾನು."

ಮುಟ್ಟಲಿಲ್ಲ.

ನಾಳೆ ವಿಡಿಯೊ ಕರೆ. ಅಲ್ಲಿಯ ಹನ್ನೊಂದು, ಇಲ್ಲಿಯ ಎರಡೂವರೆ. ಅಕ್ಕ ಬರೆದು ತೋರಿಸುತ್ತಾಳೆ.