ತುಂಬು ತೋಳಿನ ಅಂಗಿ

ಭಾನುವಾರ, ಮಧ್ಯಾಹ್ನ

ನನ್ನ ಬೆನ್ನಿಗೆ ಬಿದ್ದವಳಿಗೆ, ಅಕ್ಕನ ಪ್ರೀತಿ.

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರು ಮಾಡುವುದು ರೂಢಿ. ಎರಡೂ ಸುಳ್ಳಾಗುವುದರಿಂದ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಜೈಲಿನಿಂದ ನೀನು ಬರೆದ ಕಾಗದ ಬಂದು ವಾರದ ಮೇಲಾಯಿತು. ನಿನ್ನ ಅಕ್ಷರ ಇನ್ನೂ ಹಾಗೆಯೇ ಇದೆ; ಸಾಲಿನ ಕೊನೆಗೆ ಬರುವಷ್ಟರಲ್ಲಿ ಜಾರುಬಂಡೆ ಇಳಿದಿರುತ್ತದೆ. ನೋಡಿದ ಕೂಡಲೇ ನಗು ಬಂತು. ನಗು ಬಂದದ್ದಕ್ಕೆ ನಾಚಿಕೆಯಾಗಿ, ಕಾಗದವನ್ನು ಮಡಿಚಿಟ್ಟುಬಿಟ್ಟೆ.

ನೀನು ಕೇಳಿರುವುದು ಒಂದೇ ಮಾತು. ಕೋರ್ಟಿನಲ್ಲಿ ನಿಂತು, ಅವನು ಗುಂಡನಿಗೆ ಹೊಡೆಯುತ್ತಿದ್ದುದು ನನ್ನ ತಂಗಿಗೆ ಗೊತ್ತಿರಲಿಲ್ಲ ಎಂದು ನಾನು ಹೇಳಬೇಕು. ಅಪ್ಪನ ಮುಖವನ್ನೇ ಕಾಣದೆ ಬೆಳೆದ ನಿನ್ನ ಐದು ವರ್ಷದ ಮಗನನ್ನು ಕೊಂದವನು ನಿನ್ನ ಎರಡನೆಯ ಗಂಡ. ಅದರಲ್ಲಿ ಈಗ ಯಾರಿಗೂ ಅನುಮಾನವಿಲ್ಲ. ನೀನು ತಿಳಿದೂ ಮುಚ್ಚಿಟ್ಟೆಯಾ ಎನ್ನುವುದಷ್ಟೇ ಉಳಿದಿರುವ ಪ್ರಶ್ನೆ. ನಿನ್ನ ವಕೀಲರು ಹೇಳಿಕೆಯನ್ನು ಟೈಪ್ ಮಾಡಿಸಿಕೊಂಡೇ ಬಂದಿದ್ದರು. ಸಹಿ ಹಾಕಿ, ನಿಮ್ಮ ತಂಗಿ ಬೇಗ ಮನೆಗೆ ಬರ್ತಾರೆ, ಮತ್ತೆ ಎಲ್ಲಾ ಒಟ್ಟಿಗಿರಬಹುದು ಅಂದರು. ನೋಡ್ತೀನಿ ಸಾರ್ ಅಂದೆ. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅವರು ಇನ್ನೊಂದು ಮಾತು ಹೇಳಿದರು. ನೀವು ಸಹಿ ಹಾಕ್ದೇ ಇದ್ರೆ ನಾನು ಕೋರ್ಟಲ್ಲಿ ಕೇಳ್ಬೇಕಾಗುತ್ತಮ್ಮ, ನಿಮಗೆ ಮಕ್ಕಳಿಲ್ಲ, ತಂಗಿ ಒಳಗೇ ಇದ್ರೆ ಅವರ ಮಗಳು ಪುಟ್ಟಿ ನಿಮಗೇ ಉಳೀತಾಳಲ್ವಾ ಅಂತ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆ ಮಾತು ಅವರಿಗಿಂತ ಮೊದಲೇ ನನ್ನ ತಲೆಯೊಳಗೆ ಬಂದು ಕೂತಿತ್ತು.

ಪುಟ್ಟಿ ಹೇಗಿದ್ದಾಳೆ ಎಂದು ಕೇಳಿದ್ದೀಯ. ಎರಡು ತುಂಬಿತು. ನಿನಗಾಗಿ ಅತ್ತದ್ದು ಮೊದಲ ಕೆಲವು ದಿನ ಮಾತ್ರ. ಇದನ್ನು ಓದಿ ನೊಂದುಕೊಳ್ಳಬೇಡ, ಎಳೆಯ ಮಕ್ಕಳೇ ಹಾಗೆ. ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಕೂತು ಚಿಂದಿ ಬಟ್ಟೆಗಳನ್ನು ಒಂದರ ಮೇಲೊಂದು ಪೇರಿಸುವುದು ಅವಳ ದೊಡ್ಡ ಉದ್ಯೋಗ. ನನಗಿಂತ ಅವಳಿಗೇ ಕೆಲಸದಲ್ಲಿ ಶ್ರದ್ಧೆ ಜಾಸ್ತಿ. ಒಮ್ಮೆ ನನ್ನನ್ನು ಅಮ್ಮಾ ಎಂದು ಕರೆದಳು. ದೊಡ್ಡಮ್ಮ ಎಂದು ತಿದ್ದಿದೆ. ಎರಡನೆಯ ಸಲ ಕರೆದಾಗ ತಿದ್ದಲಿಲ್ಲ. ಅವಳ ವಿಷಯ ಇನ್ನೂ ಇದೆ, ಕೊನೆಗೆ ಬರೆಯುತ್ತೇನೆ.

ಇಲ್ಲಿ ಮೇಲಿನ ನಿಮ್ಮ ಮನೆಗೆ ಪೊಲೀಸರ ಬೀಗ ಬಿದ್ದಿದೆ. ಯೂನಿಫಾರಂ ಹೊಲಿಯಲು ಕೊಡುತ್ತಿದ್ದವರೆಲ್ಲ ಬೇರೆ ಕಡೆ ಹೋದರು. ಬರುವ ಒಬ್ಬಿಬ್ಬರೂ ಮೈಯನ್ನು ನನ್ನ ಟೇಪಿಗೆ ಕೊಟ್ಟು ಕಣ್ಣನ್ನು ಮೆಟ್ಟಿಲ ಕಡೆಗೇ ಇಟ್ಟಿರುತ್ತಾರೆ. ಪಕ್ಕದ ಮನೆಯಾಕೆ ಸಕ್ಕರೆ ಕೇಳಿಕೊಂಡು ಬಂದು, ಅರ್ಧ ಗಂಟೆ ವಿಚಾರಿಸಿ, ಸಕ್ಕರೆಯನ್ನೇ ಮರೆತು ಹೋದಳು. ಮುಂಚೆ ಇದನ್ನೆಲ್ಲ ಮೆಟ್ಟಿಲ ಬುಡದಲ್ಲಿ ನಿಂತು ನಿನಗೆ ಕೂಗಿ ಹೇಳಿ ನಗುತ್ತಿದ್ದೆ. ಈಗ ಟೀ ಮಾಡುವಾಗ ಕೈ ತಾನಾಗಿಯೇ ಎರಡು ಲೋಟ ಇಡುತ್ತದೆ. ಎರಡನ್ನೂ ನಾನೇ ಕುಡಿಯುತ್ತೇನೆ.

ನಿನ್ನ ಗಂಡನ ಬಾಯಲ್ಲಿ ಬೆಲ್ಲ ಇತ್ತು ಕಣೆ. ಸಾಮಾನು ಹಾಕಲು ವ್ಯಾನ್ ತೆಗೆದುಕೊಂಡು ಹೋದವನು ಬರುವಾಗ ನನಗೆ ದಾರದ ಉಂಡೆ ತರುತ್ತಿದ್ದ. ಅಕ್ಕಾ ಅಕ್ಕಾ ಎಂದು ಮೆಷಿನ್ನಿಗೆ ಎಣ್ಣೆ ಬಿಟ್ಟುಕೊಡುತ್ತಿದ್ದ. ಮೇಲೆ ದಡ್ ಎಂದು ಸದ್ದಾದರೆ ಮಂಚ ಸರಿಸಿದ್ವಿ ಅನ್ನುತ್ತಿದ್ದ. ಎಷ್ಟು ಸಲಯ್ಯಾ ಮಂಚ ಸರಿಸ್ತೀರ, ಅದೇನು ತೇರೇ ಎಂದು ಕೇಳುವ ನಾಲಿಗೆ ನನಗಿತ್ತು. ಕೇಳಲಿಲ್ಲ. ಮೊದಲನೆಯವನು ಬಸುರಿಯನ್ನು ಬಿಟ್ಟು ಓಡಿದ ಮೇಲೆ ನಿನಗೊಂದು ನೆಲೆ ಸಿಕ್ಕಿತಲ್ಲ ಎಂಬ ನೆಮ್ಮದಿ ನನ್ನದು. ಅದನ್ನು ಕೆದಕುವ ಮನಸ್ಸಾಗಲಿಲ್ಲ.

ಈಗ ಅಂಗಿಯ ಮಾತು. ಸುಡುವ ಬೇಸಿಗೆಯಲ್ಲಿ ನೀನು ಬಟ್ಟೆ ಹಿಡಿದು ಕೆಳಗೆ ಬಂದೆ. ಗುಂಡನಿಗೆ ತುಂಬು ತೋಳಿನ ಅಂಗಿ ಬೇಕು, ಮಣಿಕಟ್ಟಿಗೆ ಗುಂಡಿ ಇರಲಿ, ಕಾಲರ್ ಸ್ವಲ್ಪ ಎತ್ತರ ಇಡು ಅಂದೆ. ಈ ಸೆಕೆಯಲ್ಲಿ ಮಗೂನ ಬೇಯಿಸ್ತೀಯೇನೆ ಎಂದು ಕೇಳಿದೆ. ಸೊಳ್ಳೆ ಕಣಕ್ಕ ಅಂದೆ ನೀನು, ನನ್ನ ಮುಖ ನೋಡದೆ. ನಾನು ಮೂರು ಅಂಗಿ ಹೊಲಿದೆ. ಚಂದವಾಗಿಯೇ ಹೊಲಿದೆ. ಕಾಲರ್ ಕುತ್ತಿಗೆಗೆ ಅಂಟಿದ ಹಾಗೆ ಕೂತಿತ್ತು. ಯಾವುದನ್ನು ಮುಚ್ಚಲು ಅದು ಎಂದು ತಿಳಿಯದೆ ನನ್ನ ಕೈಗೆಲಸಕ್ಕೆ ನಾನೇ ಹಿಗ್ಗಿದೆ.

ಅಳತೆ ತೆಗೆಯುವಾಗ ಗುಂಡ ಹಾಕಿದ್ದ ಅಂಗಿಯನ್ನು ಬಿಚ್ಚಲು ಒಪ್ಪಲಿಲ್ಲ. ಒಂದೇ ಕೈ ಎತ್ತಿದ. ಇನ್ನೊಂದು ಕೈಯನ್ನು ಅಂಗಡಿಗೆ ಕಳಿಸಿದ್ದೀಯಾ ಎಂದು ರೇಗಿಸಿದೆ. ನಕ್ಕ, ಆದರೆ ಕೈ ಎತ್ತಲಿಲ್ಲ. ಮೇಲಿನಿಂದಲೇ ಟೇಪು ಸುತ್ತಿದೆ. ಎದೆಯ ಸುತ್ತಳತೆ ಹೋದ ಸಲಕ್ಕಿಂತ ಒಂದಿಂಚು ಕಡಿಮೆ ಬಂತು. ಬೆಳೆಯುವ ಮಗುವಿಗೆ ಅಳತೆ ಕಡಿಮೆಯಾಗುತ್ತದೆಯೇ? ಹುಟ್ಟಿದಾಗ ಕೆನ್ನೆ ಉಬ್ಬಿಸಿಕೊಂಡಿದ್ದ ಎಂದು ಗುಂಡ ಅಂತ ಹೆಸರಿಟ್ಟವಳೇ ನಾನು. ಆದರೂ ನನ್ನ ಬುದ್ಧಿ ಎಲ್ಲಿಗೆ ಹೋಯಿತು ನೋಡು. ಟೇಪು ಹಳೆಯದಾಗಿ ಎಳೆದುಕೊಂಡಿದೆ, ಅದಕ್ಕೇ ಕಡಿಮೆ ತೋರಿಸುತ್ತಿದೆ ಅಂದುಕೊಂಡೆ. ಬಟ್ಟೆಯ ಟೇಪುಗಳು ಹಾಗೆ ಆಗುವುದುಂಟು. ಸಂಜೆಯೇ ಹೋಗಿ ಹೊಸ ಟೇಪು ತಂದೆ. ಅದನ್ನು ಅವನಿಗೆ ಒಮ್ಮೆ ಸುತ್ತಿ ನೋಡಿದ್ದರೆ ಸಾಕಿತ್ತು. ಅದರಿಂದ ಊರಿನ ಮಕ್ಕಳಿಗೆಲ್ಲ ಅಳತೆ ತೆಗೆದೆ, ಮನೆಯ ಮಗುವಿಗೆ ತೆಗೆಯಲಿಲ್ಲ.

ಗುಂಡ ಬೇರೆ ಮಕ್ಕಳು ಬಿಟ್ಟ ಊಟ ಎತ್ತಿಕೊಂಡು ತಿನ್ನುತ್ತಾನೆ ಎಂದು ಶಾಲೆಯ ಟೀಚರ್ ತಿಳಿಸಿದ ಮೇಲೆ ಮಕ್ಕಳ ರಕ್ಷಣೆಯ ಕಚೇರಿಯಿಂದ ಆ ಮೇಡಂ ಬರತೊಡಗಿದರಲ್ಲ, ಅವರ ಬಗ್ಗೆಯೂ ಹೇಳಬೇಕು. ಒಳ್ಳೆಯವರು. ಬರುವ ಮುಂಚೆ ಫೋನ್ ಮಾಡುತ್ತಿದ್ದರು, ಅದು ಮರ್ಯಾದೆ ಎಂದು. ಅವರು ಬಂದಾಗಲೆಲ್ಲ ಗುಂಡ ನಿದ್ದೆಯಲ್ಲಿರುತ್ತಿದ್ದ. ಅವರಿಗೂ ಮನೆಯಲ್ಲಿ ಎರಡು ಸಣ್ಣ ಮಕ್ಕಳು, ಮಲಗಿಸುವ ಕಷ್ಟ ಬಲ್ಲವರು. ಚಪ್ಪಲಿ ಬಿಟ್ಟು, ತುದಿಗಾಲಲ್ಲಿ ಕೋಣೆಯ ಬಾಗಿಲವರೆಗೆ ಹೋಗಿ, ಕತ್ತಿನವರೆಗೆ ಹೊದಿಕೆ ಹೊದ್ದ ಮಗುವನ್ನು ನೋಡಿ, ಬೇಡ ಬೇಡ ಎಬ್ಬಿಸ್ಬೇಡಿ ಪಾಪ ಎಂದು ಪಿಸುಗುಟ್ಟಿ ಹಿಂದೆ ಬರುತ್ತಿದ್ದರು. ನಮ್ಮಮ್ಮನೂ ಹಾಗೆಯೇ, ನಿದ್ದೆ ಮಾಡುವ ಮಗುವನ್ನು ಎಬ್ಬಿಸಿದವರಿಗೆ ಬೈಗುಳ ತಪ್ಪಿದ್ದಲ್ಲ. ಆಮೇಲೆ ನಾನು ಟೀ ಕೊಡುತ್ತಿದ್ದೆ. ಹಗ್ಗದ ಮೇಲೆ ಒಗೆದು ಹಾಕಿದ ಹೊಸ ಅಂಗಿ ನೋಡಿ, ಎಷ್ಟು ನೀಟಾಗಿ ಇಟ್ಕೊಂಡಿದ್ದೀರಿ ಅಂದರು. ಹೊಲಿದವಳು ನಾನು ಎಂದು ಹೇಳಿಕೊಂಡೆ.

ಅವರನ್ನು ಈಗ ಕೆಲಸದಿಂದ ತೆಗೆದು ಕೂರಿಸಿದ್ದಾರೆ. ಅವರ ಕಚೇರಿಯ ದೊಡ್ಡವರೆಲ್ಲ ನಾಲ್ಕು ಕಾರಿನಲ್ಲಿ ಬಂದು ಬಾಗಿಲು, ಕಿಟಕಿ, ಮೆಟ್ಟಿಲು ಎಲ್ಲದರ ಫೋಟೋ ತೆಗೆದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಮೇಡಂ ಮಾತ್ರ ಆಮೇಲೊಂದು ದಿನ ಒಬ್ಬರೇ ಬಂದರು. ಅಳತೆ ಕೊಡುವವರು ಕೂರುವ ಸ್ಟೂಲಿನ ಮೇಲೆ ಕೂತು ಒಂದೇ ಒಂದು ಕೇಳಿದರು. ನಾನು ಬಂದಾಗೆಲ್ಲಾ ಗುಂಡ ನಿಜವಾಗ್ಲೂ ನಿದ್ದೆ ಮಾಡ್ತಿದ್ನಾ ಅಂತ. ಗೊತ್ತಿಲ್ಲ ಅಂದುಬಿಟ್ಟೆ.

ಗೊತ್ತಿತ್ತು. ಇದನ್ನು ನಿನಗೆ ಬಿಟ್ಟು ಯಾರಿಗೂ ಈವರೆಗೆ ಹೇಳಿಲ್ಲ. ಮೇಡಂ ಎರಡನೆಯ ಸಲ ಬಂದು ಹೋದ ಮೇಲೆ ಗುಂಡ ಕೆಳಗೆ ಬಂದು ನನ್ನ ಹತ್ತಿರ ಬಿಸ್ಕೆಟ್ ಕೇಳಿದ. ಯಾಕಪ್ಪಾ ಎಂದರೆ, ಆಟದಲ್ಲಿ ಗೆದ್ದೆ ದೊಡ್ಡಮ್ಮ ಅಂದ. ಆಂಟಿ ಹೋಗೋ ತನಕ ಕಣ್ಣು ಬಿಡಬಾರದಂತೆ, ಬಿಡದೇ ಇದ್ದರೆ ಅಮ್ಮ ಬಿಸ್ಕೆಟ್ ಕೊಡುತ್ತಾಳಂತೆ. ಅಮ್ಮ ಮರೆತಿದ್ದಾಳೆ, ನೀನು ಕೊಡು ಅಂದ. ಮೂಗಿನ ಮೇಲೆ ನೊಣ ಕೂತರೂ ಬಿಡಲಿಲ್ಲ ಎಂದು ಜಂಬ ಬೇರೆ. ನಾನು ನಕ್ಕು ಎರಡು ಕೊಟ್ಟೆ. ಒಂದನ್ನು ಅಲ್ಲೇ ತಿಂದ, ಇನ್ನೊಂದನ್ನು ಜೇಬಿಗೆ ಹಾಕಿಕೊಂಡ. ಮನೆ ನೋಡಲು ಬಂದವರ ಮುಂದೆ ಮಗು ಗಲಾಟೆ ಮಾಡದಿರಲಿ ಎಂದು ನೀನು ಹೂಡಿದ ಉಪಾಯ ಅಂದುಕೊಂಡೆ. ಎಷ್ಟು ಜಾಣೆ ನನ್ನ ತಂಗಿ ಎಂದೂ ಅಂದುಕೊಂಡೆ.

ಗುಂಡ ಹೋದ ದಿನ ನಾನು ಶಾಲೆ ಶುರುವಾಗುವ ಮುಂಚಿನ ಯೂನಿಫಾರಂ ಅವಸರದಲ್ಲಿದ್ದೆ, ಮೆಷಿನ್ ನಿಲ್ಲಿಸಿರಲಿಲ್ಲ. ನೀನು ಮೆಟ್ಟಿಲ ಮೇಲೆ ನಿಂತು ಅಕ್ಕಾ ಎಂದು ಕೂಗಿದ ಧ್ವನಿಯನ್ನು ಈ ಜನ್ಮದಲ್ಲಿ ಮರೆಯಲಾರೆ. ಮೆಟ್ಟಿಲಿಂದ ಬಿದ್ದ ಎಂದು ನಿನ್ನ ಗಂಡ ಹೇಳುತ್ತಲೇ ಇದ್ದ. ಆಂಬುಲೆನ್ಸಿನ ಹುಡುಗಿ ಮೊಣಕಾಲೂರಿ ಕೂತು ಕತ್ತರಿಯಿಂದ ಅಂಗಿಯನ್ನು ಕೆಳಗಿನಿಂದ ಕುತ್ತಿಗೆಯವರೆಗೆ ಕತ್ತರಿಸಿದಳು, ಆಮೇಲೆ ತೋಳುಗಳನ್ನು. ಆಗ ನೋಡಿದೆ. ಹಳೆಯ ಗುರುತು, ಹೊಸ ಗುರುತು, ಒಣಗಿದ್ದು, ಒಣಗದ್ದು. ಆ ಹುಡುಗಿಯ ಕೈ ಒಂದು ಗಳಿಗೆ ನಿಂತೇ ಹೋಯಿತು. ನಾನು ನಿನ್ನ ಮುಖ ನೋಡಿದೆ. ನನಗೆ ಆದ ಗಾಬರಿ ನಿನ್ನ ಮುಖದಲ್ಲಿ ಇರಲಿಲ್ಲ ತಂಗಿ. ಅಳು ಇತ್ತು, ಭಯ ಇತ್ತು, ಮೊದಲ ಸಲ ಕಂಡವರ ಗಾಬರಿ ಮಾತ್ರ ಇರಲಿಲ್ಲ.

ಅವನು ನಿನಗೂ ಹೊಡೆಯುತ್ತಿದ್ದ ಎಂದು ಈಗ ತಿಳಿಯಿತು. ಕೋರ್ಟಿನಲ್ಲಿ ಅದನ್ನೂ ಹೇಳುತ್ತೇನೆ, ಒತ್ತಿ ಹೇಳುತ್ತೇನೆ. ಹೆದರಿದ ಹೆಂಗಸು ಏನು ಮಾಡಿಯಾಳು ಎಂದು ಜಡ್ಜ್ ಯೋಚಿಸಲಿ. ಆದರೆ ಗೊತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಕಾಲರಿನ ಎತ್ತರ ಹೇಳಿದವಳು ನೀನು, ಆಟ ಕಲಿಸಿದವಳು ನೀನು. ಒಂದು ಮಹಡಿ ಇಳಿದಿದ್ದರೆ ನಾನಿದ್ದೆನಲ್ಲೇ. ಇಬ್ಬರು ಮಕ್ಕಳನ್ನೂ ನನ್ನ ಮಡಿಲಿಗೆ ಹಾಕಿ, ಕೇಳಬೇಡಕ್ಕ ಅಂದಿದ್ದರೆ ಏನೂ ಕೇಳದೆ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಚಿಕ್ಕಂದಿನಲ್ಲಿ ನೀನು ಒಡೆದದ್ದನ್ನೆಲ್ಲ ನಾನೇ ಒಡೆದೆ ಎಂದು ಅಮ್ಮನಿಗೆ ಹೇಳಿ ಏಟು ತಿಂದೆ. ಆ ಏಟು ನನಗೆ ನೋವೇ ಆಗುತ್ತಿರಲಿಲ್ಲ. ಈಗಲೂ ನಿನ್ನ ಬದಲು ಒಳಗೆ ಹೋಗು ಅಂದರೆ ಬಟ್ಟೆ ಗಂಟು ಕಟ್ಟಿಕೊಂಡು ಹೊರಡುತ್ತೇನೆ. ಸುಳ್ಳು ಹೇಳು ಅನ್ನಬೇಡ. ಗುಂಡನ ಪರವಾಗಿ ಮಾತಾಡಲು ಅವನಿಗೆ ಇನ್ಯಾರೂ ಇಲ್ಲ. ನಾಳೆ ಕೋರ್ಟಿಗೆ ಕರೆದಿದ್ದಾರೆ. ಅಂಗಿ, ಟೇಪು, ಬಿಸ್ಕೆಟ್ಟು ಎಲ್ಲವನ್ನೂ ಹೇಳುತ್ತೇನೆ, ನನ್ನದನ್ನೂ ಸೇರಿಸಿ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಹೇಳಿ ಆಗಿರುತ್ತದೆ. ಅಲ್ಲಿ ನನ್ನ ಬಾಯಿಂದ ಕೇಳುವ ಮೊದಲು ನಿನಗೆ ತಿಳಿದಿರಬೇಕಿತ್ತು, ಬರೆಯಲು ಧೈರ್ಯ ಬರುವಷ್ಟರಲ್ಲಿ ತಡವಾಯಿತು.

ನನ್ನ ಮೇಲೆ ಸಿಟ್ಟು ಮಾಡಿಕೋ. ಊಟ ಬಿಡಬೇಡ. ಚಳಿ ಶುರುವಾಗುತ್ತಿದೆ, ಸ್ವೆಟರ್ ಕಳಿಸಿದ್ದೇನೆ, ಒಳಗೆ ಬಿಡುತ್ತಾರೋ ಇಲ್ಲವೋ ಕೇಳಿ ನೋಡು.

ನಿನ್ನ
ಅಕ್ಕ

ತಾ.ಕ.: ಪುಟ್ಟಿ ಇಲ್ಲಿಲ್ಲ. ಮೇಲೆ ಅವಳ ವಿಷಯ ಬರೆಯುವಾಗ ಇದ್ದಾಳೆ ಎಂಬಂತೆ ಬರೆದೆ, ಹಾಗೆ ಬರೆದರೆ ಸ್ವಲ್ಪ ಹೊತ್ತಾದರೂ ಇರುತ್ತಾಳೆ ಎಂದು. ಶುಕ್ರವಾರ ಮಕ್ಕಳ ಕಚೇರಿಯವರು ಬಂದು ಕರೆದುಕೊಂಡು ಹೋದರು. ಸಾಕಿಕೊಳ್ಳಲು ಒಂದು ಒಳ್ಳೆಯ ಮನೆ ಸಿಕ್ಕಿದೆಯಂತೆ. ನಾನೇ ಕೇಳಿಕೊಂಡು ಸಹಿ ಹಾಕಿದೆ. ಮಗುವಿನ ಆಸೆಗೆ ತಂಗಿಯ ಮೇಲೆ ಹೇಳುತ್ತಿದ್ದಾಳೆ ಎಂದು ನಿನ್ನ ವಕೀಲರು ಇನ್ನು ಕೇಳುವಂತಿಲ್ಲ, ಗುಂಡನ ಪರವಾಗಿ ನಾನು ಹೇಳುವ ಮಾತನ್ನು ಎಲ್ಲರೂ ನಂಬಬೇಕು. ವಿಳಾಸ ಬೇಕಾ ಎಂದು ಅವರು ಕೇಳಿದರು. ಬೇಡ, ನನಗೆ ಹೇಳಬೇಡಿ ಅಂದೆ. ಗೊತ್ತಿದ್ದರೆ ಒಂದು ದಿನ ನೀನು ಬಂದು ಬಾಗಿಲಲ್ಲಿ ನಿಂತು ಕೇಳುತ್ತೀಯ, ನಾನು ಹೇಳಿಬಿಡುತ್ತೇನೆ.