ಪಟ್ಟು ಬಿಡದ ಪೆಪ್ಟೈಡ್

ಮಾರ್ಚ್ ೧೧, ಮಂಗಳವಾರ

ಆರ್‌ಎನ್‌ಎಯನ್ನು ಜೀವಕೋಶದೊಳಕ್ಕೆ ಹೊತ್ತೊಯ್ಯಲಿ ಎಂದು ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ತುಣುಕಿನ ಧನಾವೇಶವನ್ನು (ಪಾಸಿಟಿವ್ ಚಾರ್ಜ್) ಹೆಚ್ಚಿಸುತ್ತಲೇ ಹೋಗಿದ್ದೆ. ಋಣಾವೇಶದ ಆರ್‌ಎನ್‌ಎಯನ್ನು ಅದು ಬಿಗಿಯಾಗಿ ಹಿಡಿಯಿತು ನಿಜ, ಆದರೆ ಒಳಗೆ ಹೋದಮೇಲೂ ಬಿಡಲೊಲ್ಲದು. “ನಿನ್ ಥರಾನೇ ಕಣೇ ಅದು, ಹಿಡಿದ ಪಟ್ಟು ಬಿಡಲ್ಲ,” ಎಂದು ಲ್ಯಾಬಿನ ಪಕ್ಕದ ಮೇಜಿನ ಗೆಳತಿ ಛೇಡಿಸುತ್ತಿದ್ದಳು. ಕೊನೆಗೆ ಆವೇಶವನ್ನು ಅರ್ಧಕ್ಕಿಳಿಸಿದೆ. ಇವತ್ತು ಸೂಕ್ಷ್ಮದರ್ಶಕದಡಿ ಕೋಶಗಳೆಲ್ಲ ಹಸಿರಾಗಿ ಹೊಳೆದವು: ಆರ್‌ಎನ್‌ಎ ಬಿಡಿಸಿಕೊಂಡು, ಹೊಳೆಯುವ ಹಸಿರು ಪ್ರೋಟೀನ್ ಮಾಡಿಸುವ ತನ್ನ ಕೆಲಸ ಶುರುಮಾಡಿತ್ತು! ಇಬ್ಬರೂ ಕುಣಿದಾಡಿಬಿಟ್ಟೆವು.

ಮನೆಗೆ ಬಂದರೆ ಮಗಳು ಸೋಫಾದಲ್ಲೇ ನಿದ್ದೆಹೋಗಿದ್ದಳು. ಎತ್ತಿಕೊಂಡು ಬಂದು ಹಾಸಿಗೆಯಲ್ಲಿ ಮಲಗಿಸಿದೆ. ಅವಳ ಕತ್ತಿನಡಿ ನನ್ನ ಎಡಗೈ ಜೋಮು ಹಿಡಿದಿದೆ; ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ.

“ಏಳಲ್ಲ ಅವಳು, ಕೈ ತೆಗಿಯೇ,” ಎನ್ನುತ್ತಿದ್ದಾರೆ ಇವರು.

ತೆಗೆಯುತ್ತೇನೆ. ಪೆಪ್ಟೈಡಿಗೇನೋ ಬಿಡುವುದನ್ನು ಕಲಿಸಿದೆ, ನಾನಿನ್ನೂ ಕಲಿತಿಲ್ಲ.